ಮೂರನೆಯ ಕೂಗು

“ಅಣ್ಣನ್ನ ಕೋರ್ಟಿನ್ಯಾಗ ಕೊಂದು ಬಂದಾನ, ದೂರ ಸರೀರಿ! ಸೂತಕ ಹತ್ತೀತು!”

ಲಕ್ಷ್ಮಪ್ಪನ ಊರಿನ ಮಾಳಪ್ಪ ಹೀಗೆ ಕೂಗಿದಾಗ, ಕುಂದಗೋಳ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಮಳೆಗೆ ಸಿಕ್ಕಿಕೊಂಡಿದ್ದವರೆಲ್ಲ ಗೊಳ್ಳನೆ ನಕ್ಕರು. ಕೋರ್ಟಿನಿಂದ ಆಗಷ್ಟೇ ಬಂದ ಲಕ್ಷ್ಮಪ್ಪ ಧೋತರದ ಅಂಚು ಹಿಂಡಿ ಬೆಂಚಿನ ತುದಿಗೆ ಕೂತ. ಏಳು ವರ್ಷದಿಂದ ಸುದ್ದಿಯಿಲ್ಲದ ಅಣ್ಣ ಬೀರಲಿಂಗಪ್ಪ ಸತ್ತಿದ್ದಾನೆಂದು ಅವತ್ತು ಮಧ್ಯಾಹ್ನ ಕೋರ್ಟು ಹೇಳಿತ್ತು. ತಕರಾರಿದ್ದವರು ಬರಲಿ ಎಂದು ಪೇಪರಿನಲ್ಲಿ ನೋಟೀಸು ಹಾಕಿಸಿದ್ದಾಗಿತ್ತು, ಯಾರೂ ಬಂದಿರಲಿಲ್ಲ. ಇನ್ನು ಹೊಲ ಲಕ್ಷ್ಮಪ್ಪನೊಬ್ಬನ ಹೆಸರಿಗೆ. ಖುಷಿಯಾಗಬೇಕಿತ್ತು. ಆಗಿರಲಿಲ್ಲ.

ಒಲೆಯ ಬಾಜು ಕೂತಿದ್ದ ಬುಡನಸಾಬ, ಹಿಂದೆ ಟಾಂಗಾ ಹೊಡೆಯುತ್ತಿದ್ದ ಮುದುಕ, ಬೀಡಿ ಆರಿಸಿದ.

“ನಗಬ್ಯಾಡ್ರಪಾ… ಕೋರ್ಟಿನ್ಯಾಗ ಸತ್ತವನ್ನ ನಾ ಕಣ್ಣಾರೆ ನೋಡೇನಿ. ಯಾವ ಕೋರ್ಟು ಅಂತ ಕೇಳಬ್ಯಾಡ್ರಿ. ದೇವಿಕೊಪ್ಪದ ಕಡೆ ಮಡಿವಾಳೆಪ್ಪ ಅಂತ ಒಬ್ಬಾವ, ಮನ್ಯಾಗ ಜಗಳಾಡಿ ಮಿರಜಿಗೆ ಓಡಿಹೋಗಿ ಅಲ್ಲೇ ಹಮಾಲಿ ಮಾಡ್ಕೊಂಡಿದ್ದ, ಊರಿಗೆ ಒಂದು ಕಾರ್ಡ ಸುದ್ದಾ ಬರೀಲಿಲ್ಲ… ಒಂದಿನ ಶೇಂಗಾ ತಿಂದು ಕಟ್ಟಿದ ಪೇಪರು ಒಗೀಬೇಕು, ಅದರಾಗ ಅವನ ಹೆಸರು! ‘ಸದರಿಯವನು ಸತ್ತಿರುವುದಾಗಿ ತಮ್ಮ ಶಂಭುಲಿಂಗಪ್ಪನ ಅರ್ಜಿ, ತಕರಾರಿದ್ದವರು ಹಾಜರಾಗತಕ್ಕದ್ದು’ ಅಂತ. ಜೀವಂತ ಮನಷ್ಯಾ ತನ್ನ ಸಾವಿಗೆ ತಾನ ತಕರಾರು ಹೇಳಾಕ ಹೊಂಟ ನೋಡ್ರಿ… ಸುರಿಯೋ ಮಳ್ಯಾಗ ನನ್ನ ಟಾಂಗಾ ಹತ್ತಿದ. ಹಮಾಲನ ಮೈ ಅಲ್ಲೇನು, ಹತ್ತಿದ ಕೂಡ್ಲೆ ಟಾಂಗಾ ಹಿಂದಕ್ಕ ವಾಲಿ ಕುದರಿ ಬೆಚ್ಚಿತು… ಇದನ್ನ ನೆನಪಿಡ್ರಿ.”

ಮುದುಕ ಆರಿದ ಬೀಡಿಯನ್ನು ಕಿವಿಗೆ ಸಿಗಿಸಿಕೊಂಡ.

“ಕತ್ತಲಾಗ ಯಾರರ ಹೆಸರ ಹಿಡದು ಕರದ್ರ ನಮ್ಮ ಕಡೆ ಒಮ್ಮಿಗೇ ಓ ಅಂತಾರೇನು? ದೆವ್ವ ಎರಡ ಸಲ ಕರೀತೈತಿ, ಮೂರನೇದು ಅದಕ್ಕ ಆಗಂಗಿಲ್ಲ. ಅದಕ್ಕ ಮೂರನೇ ಕೂಗಿಗೇ ಓ ಅನ್ನೂದು… ಅವತ್ತ ಮೋಡ ಮುಚ್ಚಿ ಮಧ್ಯಾಹ್ನನ ಕತ್ತಲಾಗಿತ್ತು. ಪಟ್ಟೇವಾಲಾ, ಅಂದ್ರ ಕೋರ್ಟಿನ ಜವಾನ, ಬಾಗಲಕ್ಕ ಬಂದು ‘ಮಡಿವಾಳೆಪ್ಪಾ’ ಅಂದ. ಇವ ಪಡಸಾಲಿ ಕಂಬಕ್ಕ ಆತು ನಿಂತಾನ, ಓ ಅನ್ನಲಿಲ್ಲ. ಮತ್ತ ‘ಮಡಿವಾಳೆಪ್ಪಾ’ ಅಂದ… ಇವ ತುಟಿ ತೆರದು ಮೂರನೇದಕ್ಕ ಕಾದ. ಪಟ್ಟೇವಾಲಾನ ಮಾರಿಗೆ ಎರಚಲು ಹೊಡೀತು. ಸತ್ತಾವನ್ನ ಎಷ್ಟಂತ ಕರಿಯೂದು ಅಂತ ಒಳಗ ಹೋಗಿಬಿಟ್ಟ! ಇವ ಬೆನ್ನ ಹತ್ತಿ ಓಡೂದ್ರಾಗ ಆರ್ಡರ್ ಆಗಿಹೋಗಿತ್ತು… ಸಾಹೇಬ್ರ ಮುಂದ ನಿಂತು ಒದರಿದ, ವಕೀಲನ ಕರೀ ಕೋಟು ಹಿಡದು ಜಗ್ಗಿದ. ಒಬ್ಬಾವರ ತಿರುಗಿ ನೋಡಬೇಕಲ್ಲ?

ಹೊರಗ ಬಂದು ನನ್ನ ಟಾಂಗಾ ಹತ್ತಿದ. ಟಾಂಗಾ ವಾಲಲಿಲ್ಲ… ಕುದರಿಗೆ ಗೊತ್ತೂ ಆಗಲಿಲ್ಲ.

ಮನಿ ಮುಂದ ಇಳದು ಹೇಣ್ತಿ ನೀಲಕ್ಕನ್ನ ಕರದ. ಮತ್ತೊಮ್ಮಿ ಕರದ. ಆಕಿ ರೊಟ್ಟಿ ಬಡಿಯೋ ಕೈ ನಿಲ್ಲಿಸಿ ಮೂರನೇದಕ್ಕ ಕಾದ್ಲು… ಇವನ ಬಾಯಿ ತೆರೀತು, ದನಿ ಹೊಂಡಲಿಲ್ಲ. ಆಕಿ ಮತ್ತ ರೊಟ್ಟಿ ಬಡಿಯಾಕ ಹತ್ತಿದ್ಲು.”

ಮುದುಕ ಒಲೆಗೆ ಕೈ ಕಾಯಿಸಿಕೊಂಡ. “ಅದು ಹಳೇ ಮಾತು ಅಂತೀರೇನು? ಪೇಪರಿನ್ಯಾಗ ನೋಟೀಸು ಬರೂದು ನಿಂತೈತೇನು? ಮಳಿ ಬಂದ್ರ ಪಟ್ಟೇವಾಲಾ ಹೊರಗ ನಿಂದರ್ತಾನೇನು?” ಆಮೇಲೆ ನಿಧಾನಕ್ಕೆ ಬೆಂಚಿನ ತುದಿಗೆ ತಿರುಗಿದ. “ಲೇ ತಮ್ಮಾ… ಇವತ್ತ ನಿಮ್ಮಣ್ಣನ ಹೆಸರು ಎಷ್ಟ ಸಲ ಕರದ್ರು?”

ಎರಡು ಸಲ. ಲಕ್ಷ್ಮಪ್ಪ ಕೋರ್ಟಿನ ಬಾಗಿಲಲ್ಲೇ ನಿಂತಿದ್ದ. ಪಡಸಾಲೆಯ ಆ ತುದಿಯಲ್ಲಿ ಗೋಣಿಚೀಲ ಹೊದ್ದವನೊಬ್ಬ ತುಟಿ ತೆರೆದು ಕಾಯುತ್ತಿದ್ದುದನ್ನು ಕಂಡಿದ್ದ. ಕಂಡು, ಗುರುತು ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದ.

“ಹೇಳೋ ಲೇ!” ಅಂದ ಮಾಳಪ್ಪ. ಈಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಲಕ್ಷ್ಮಪ್ಪ ಮುಟ್ಟದ ಚಹಾ ಅಲ್ಲೇ ಇಟ್ಟು ಮಳೆಗೆ ಇಳಿದ. ಬೆನ್ನ ಹಿಂದೆ ಯಾರೋ “ಲಚ್ಚ್ಯಾ…” ಅಂದರು. ಹಾಗೆ ಅವನನ್ನು ಕರೆಯುತ್ತಿದ್ದವನು ಅಣ್ಣನೊಬ್ಬನೇ. ಇನ್ನೊಮ್ಮೆ, ತೀರ ಹತ್ತಿರದಲ್ಲಿ, “ಲಚ್ಚ್ಯಾ…”

ಲಕ್ಷ್ಮಪ್ಪ ಓ ಅನ್ನಲಿಲ್ಲ. ತಲೆ ತಗ್ಗಿಸಿ ನಡೆದ.