ಏಳನೇ ಭಾಗದವರೆಗೆ ಬದುಕಿದ್ದವನು

ಆಸ್ಪತ್ರೆಯ ರಿಪೋರ್ಟ್ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿದ್ದರು. ನಲವತ್ತರ ಆಸುಪಾಸಿನ ತಂಗಿ, ಹದಿಹರೆಯದವರ ಸಾಹಸ ಸರಣಿಯ ನಾಲ್ಕನೇ ಪುಸ್ತಕವನ್ನು ಹಿಂದೆಮುಂದೆ ತಿರುವುತ್ತಿದ್ದಳು.

"ಅಕ್ಕಾ, ಇದರಲ್ಲಿ ಮುದುಕ ನಾವಿಕ ಸತ್ತೇ ಹೋಗ್ತಾನಲ್ಲೇ!"

"ಹೂಂ."

"ಚಿಕ್ಕವಳಿದ್ದಾಗ ನೀನು ಓದಿ ಹೇಳ್ವಾಗ ಏಳನೇ ಭಾಗದವರೆಗೂ ಬದುಕಿದ್ದ."

"ಅವನಿಗೆ ಜ್ವರ ಬಂದಿದ್ದಕ್ಕೇ ನೀನು ಊಟ ಬಿಟ್ಟಿದ್ದೆ. ಸಾಯಿಸೋಕಾಗುತ್ತೇನೇ?"

"ಹಾಗಾದ್ರೆ ಆಮೇಲೆ ಅವನಾಡಿದ ಮಾತೆಲ್ಲ?"

"ನಂದೇ."

"ಕಳ್ಳಿ! ಇಡೀ ಸರಣಿಯಲ್ಲಿ ನಗು ಬರ್ತಿದ್ದಿದ್ದು ಅವನ ಮಾತೊಂದಕ್ಕೇ."

ಕೌಂಟರಿನಿಂದ ಹೊರಬಂದ ಲಕೋಟೆಯನ್ನು ತಂಗಿ ತೆಗೆದುಕೊಂಡಳು. ಅಕ್ಕ ಕೈ ಚಾಚಿದಳು.

"ಕೊಡು, ನಾನು ಓದಿ ಹೇಳ್ತೀನಿ."

"ಬೇಡ್ವೇ ಮಾರಾಯ್ತಿ! ನನ್ನ ಗಡ್ಡೆ ವಿಷಯ ನಾನೇ ಓದ್ಕೋತೀನಿ."

ಪುಸ್ತಕವನ್ನು ಅಕ್ಕನ ಕೈಗೆ ತುರುಕಿ, ತಂಗಿ ಲಕೋಟೆ ಹರಿಯುತ್ತಾ ಬೆಳಕಿದ್ದ ಕಿಟಕಿಯತ್ತ ನಡೆದಳು.