ವಾಸನೆ ಇಲ್ಲದ ಮದ್ದು

ಹಲೋ... ಹಲೋ, ಯಾರು ಮಾತಾಡ್ತಿರೋದು? ದಿಬ್ಬೂರಹಳ್ಳಿ ತಾನೆ? ಮುನಿಗಂಗಮ್ಮನೋರ ಮನೇನಾ?

...ಹಾಂ, ಹರಿತಾ. ಸೊಸೆ ಅಲ್ವಾ ನೀನು? ನಾನಮ್ಮ, ಚಿಂತಾಮಣಿ ಆಸ್ಪತ್ರೆಯಿಂದ, ಸಿಸ್ಟರ್ ವರಲಕ್ಷ್ಮಿ. ನಿಮ್ಮತ್ತೆ ಕಾಲು ಹೆಂಗಿದೆ?

...ಬೈಯೋಕೆ ಮಾಡ್ಲಿಲ್ಲ ಕಣಮ್ಮ ಫೋನು. ಇಡಬೇಡ, ಇಡಬೇಡ. ಕಾಲು ಹೆಂಗಿದೆ ಅದನ್ನ ಹೇಳು ಮೊದ್ಲು.

ವರಲಕ್ಷ್ಮಿ ನಿಂತೇ ಮಾತಾಡುತ್ತಿದ್ದಳು. ಕುರ್ಚಿ ಪಕ್ಕದಲ್ಲೇ ಇತ್ತು, ಕೂರುವಷ್ಟು ಸಮಾಧಾನ ಇರಲಿಲ್ಲ. ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದಲ್ಲಿದ್ದ ಮುನಿಗಂಗಮ್ಮ ಮೊನ್ನೆ ಮಧ್ಯಾಹ್ನ ಯಾರಿಗೂ ಹೇಳದೆ ಎದ್ದು ಊರಿನ ಬಸ್ಸು ಹತ್ತಿದ್ದರು. ಹಿಪ್ಪುನೇರಳೆ ತೋಟದಲ್ಲಿ ಕಡಿದ ಗಿಡದ ಕೂಳೆ ಹೆಬ್ಬೆರಳಿಗೆ ಚುಚ್ಚಿ ಆದ ಗಾಯ ಅದು. ಸಾಲದ್ದಕ್ಕೆ ಮೈಯಲ್ಲಿ ಸಕ್ಕರೆ ಕಾಯಿಲೆ. ದಿನಾ ತೊಳೆದು ಕಟ್ಟದಿದ್ದರೆ ಹೆಬ್ಬೆರಳು ಹೋಗುತ್ತದೆ, ಆಮೇಲೆ ಪಾದ ಉಳಿದೀತು ಎಂದು ಯಾರೂ ಮಾತು ಕೊಡುವ ಹಾಗಿಲ್ಲ. "ಮಾತು ಕೇಳದ ಜನ, ಹೋದರೆ ಹೋಗಲಿ" ಎಂದಿದ್ದರು ಡಾಕ್ಟರು. ವರಲಕ್ಷ್ಮಿಯೂ ಹೂಂ ಅಂದಿದ್ದಳು.

ಈ ಬೆಳಿಗ್ಗೆ ಅವಳು ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡಿದ್ದಳು. ರೋಗಿಯ ಮನೆ, ಊಟ, ನಂಬಿಕೆ ಎಲ್ಲ ತಿಳಿದು ಆರೈಕೆ ಮಾಡಬೇಕು. ಅವರ ಪದ್ಧತಿಯಲ್ಲಿ ಕೆಲವನ್ನು ಇದ್ದ ಹಾಗೇ ಬಿಡಬೇಕು, ಕೆಲವಕ್ಕೆ ನಾವು ಹೊಂದಿಕೊಳ್ಳಬೇಕು, ತೀರಾ ಕೇಡು ಮಾಡುವಂಥದ್ದನ್ನು ಮಾತ್ರ ನಯವಾಗಿ ಬದಲಾಯಿಸಬೇಕು. ಬೋರ್ಡಿನ ಮೇಲೆ ಬಲು ಚೆನ್ನಾಗಿ ಕಾಣುತ್ತಿತ್ತು. ಆಗ ಧನುಶ್ರೀ ಎಂಬ ಹುಡುಗಿ, "ಮೇಡಂ, ಆ ಅಜ್ಜಿ ಯಾಕೆ ಹೋದ್ರು?" ಎಂದು ಕೇಳಿಬಿಟ್ಟಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಯಾರೂ ಆ ಹೆಂಗಸನ್ನು ಕೇಳಿಯೇ ಇರಲಿಲ್ಲ. ಪಾಠ ಮುಗಿದದ್ದೇ ವರಲಕ್ಷ್ಮಿ ಕೇಸ್ ಪೇಪರಿನಲ್ಲಿ ನಂಬರು ಹುಡುಕಿ ಫೋನೆತ್ತಿದ್ದಳು.

...ಕಟ್ಟು ಬಿಚ್ಚಿಬಿಟ್ರಾ? ಯಾವಾಗ? ಯಾರು ಬಿಚ್ಚಿದ್ದು?

...ಅವರೇನಾ? ಬಸ್ಸಿಳಿದು ಮನೆಗೆ ಬರೋಕ್ಕೆ ಮುಂಚೇನಾ? ಬಿಚ್ಚಿ ಎಲ್ಲಿಗೆಸೆದ್ರು? ...ಯಾಕಮ್ಮ, ಹಂಗ್ಯಾಕೆ ಮಾಡಿದ್ರು? ನೀನಾದ್ರೂ ಹೇಳಬಾರ್ದಾ? ನೀನು ಹತ್ತನೇ ಕ್ಲಾಸು ಓದಿರೋಳು.

...ಏನು? ಸರಿಯಾಗಿ ಕೇಳಿಸ್ಲಿಲ್ಲ. ಮನೇಲಿ ಏನಿದೆ?

...ಹುಳ.

...ಹಣ್ಣಾಗೋ ಹೊತ್ತಾ? ಇವತ್ತು ನಾಳೇಲಿ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋ ಹಂಗಿದಾವಾ?

ವರಲಕ್ಷ್ಮಿಯ ಮುಖ ಬಿಸಿಯಾಯಿತು. ಅವಳ ತವರು ಜಂಗಮಕೋಟೆ, ಅವಳು ಆಡಿ ಬೆಳೆದದ್ದೇ ರೇಷ್ಮೆ ಹುಳದ ತಟ್ಟೆಗಳ ನಡುವೆ. ಹುಳ ಇರುವ ಮನೆಗೆ ಹೊಗೆಸೊಪ್ಪಿನ ಬಾಯಿ ಬರಬಾರದು, ಮುಡಿದ ಮಲ್ಲಿಗೆಯೂ ಬರಬಾರದು. ಸ್ಪಿರಿಟ್ಟು, ಫಿನಾಯಿಲು, ಟಿಂಕ್ಚರು ಬಂದರಂತೂ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ನಿಲ್ಲುತ್ತವೆ ಎಂದು ಊರೆಲ್ಲ ನಂಬಿತ್ತು. ಈಗಲೂ ರಜೆಯಲ್ಲಿ ಹೋದರೆ ಅವಳ ತಾಯಿ ಅಮ್ಮಾಜಮ್ಮ ಮಗಳನ್ನು ಹಿತ್ತಿಲಲ್ಲೇ ತಡೆದು, ಹಂಡೆಯ ನೀರು ಮೈಮೇಲೆ ಸುರಿಸಿ, ಬೇರೆ ಸೀರೆ ಉಡಿಸಿ ಒಳಗೆ ಬಿಡುವುದು. ಇಷ್ಟೆಲ್ಲ ಗೊತ್ತಿದ್ದವಳಿಗೆ ವಾರ್ಡಿನಲ್ಲಿ ಒಂದೂ ಹೊಳೆದಿರಲಿಲ್ಲ. ಬಿಳಿ ಬಟ್ಟೆ ಹಾಕಿದ ಮೇಲೆ ತನ್ನ ಮೂಗೂ ಆಸ್ಪತ್ರೆಯದೇ ಆಗಿಹೋಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಹರಿತಾ, ಅತ್ತೆ ಎಲ್ಲಿದಾರೆ ಈಗ? ...ಜಗುಲಿ ಮೇಲಾ? ಒಳಗೆ ಬರ್ತಾನೇ ಇಲ್ವಾ ಅವರು? ...ತಾವಾಗೇ ಹೊರಗಿದಾರಾ, ಗಾಯದಲ್ಲಿ ಇನ್ನೂ ಮದ್ದಿನ ವಾಸನೆ ಇದೆ ಅಂತ. ಊಟನೂ ಅಲ್ಲೇನಾ? ಅಯ್ಯೋ ದೇವ್ರೆ. ವೈರು ಹೊಸ್ತಿಲ ತನಕ ಬರುತ್ತಾ ನೋಡು. ಎಳೀಬೇಡ, ನಿಧಾನಕ್ಕೆ... ಅವರ ಕೈಗೆ ಕೊಡು.

...ಅಮ್ಮಾ, ನಾನು. ಸಿಸ್ಟರ್. ...ಹಾಂ ಹಾಂ, ಕ್ಷಮಿಸೋ ಮಾತೆಲ್ಲ ಬೇಡ. ನೀವು ಹೇಳ್ದೆ ಹೋದ್ರಿ, ನಾನು ಕೇಳ್ದೆ ಬಿಟ್ಟೆ, ಅಲ್ಲಿಗಲ್ಲಿಗೆ ಸರಿಹೋಯ್ತು. ಗಾಯಕ್ಕೆ ಏನು ಹಚ್ಚಿದೀರಾ?

...ಅರಿಶಿನಾನಾ? ಇರ್ಲಿ ಬಿಡಿ. ಸಗಣಿ ಗಿಗಣಿ ಹಚ್ಚಿಲ್ಲ ತಾನೆ? ...ನಿಜ ಹೇಳಿ. ...ಮಾತ್ರೆ? ಸಕ್ಕರೆ ಮಾತ್ರೆ ನುಂಗ್ತಿದೀರಾ?

...ಅದ್ಯಾಕಮ್ಮ ಬಿಟ್ರಿ? ಮಾತ್ರೆ ಎಲ್ಲಿ ವಾಸನೆ ಬರುತ್ತೆ? ...ಆಸ್ಪತ್ರೆದು ಅಂತಾನಾ? ಆಸ್ಪತ್ರೆದೆಲ್ಲ ಹುಳಕ್ಕೆ ಆಗಲ್ಲ ಅಂತ ಯಾರು ಹೇಳಿದ್ದು? ...ಅದೊಂದನ್ನ ನಾನು ಒಪ್ಪಲ್ಲ. ಈಗ್ಲೇ, ನಾನು ಲೈನಲ್ಲಿರೋ ಹಂಗೇ, ಊಟ ಆಗಿದ್ರೆ ಒಂದು ನುಂಗಿ. ಹರಿತಾ ತರ್ಲಿ. ...ಒಳಗಿಲ್ವಾ? ದನದ ಕೊಟ್ಟಿಗೇಲಿಟ್ಟಿದೀರಾ? ಒಳ್ಳೇ ಜಾಗ, ಎಮ್ಮೆಗೆ ಸಕ್ಕರೆ ಇಳೀಲಿ ಅಂತಾನಾ?

...ನಗ್ತೀರಲ್ಲ, ನಗಿ. ಈಗ ಕಾಲು ನೋಡ್ಕೊಳ್ಳಿ. ಹೆಬ್ಬೆರಳು ಯಾವ ಬಣ್ಣ?

...ಬಗ್ಗೋಕಾಗಲ್ವಾ. ಸರಿ, ಹರಿತಾ ನೋಡ್ಲಿ. ...ಕೆಂಪಾ, ಕಪ್ಪಾ? ಸರಿಯಾಗಿ ನೋಡೋಕೆ ಹೇಳಿ, ಅರಿಶಿನ ಒರೆಸಿ. ...ಇನ್ನೂ ಒರೆಸ್ತಿದಾಳಾ? ...ಏನಂತಾಳೆ?

ವರಲಕ್ಷ್ಮಿ ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬಾಗಿಲ ಹತ್ತಿರ ಯಾರೋ ಸಿಸ್ಟರ್ ಎಂದರು. ಕೈ ಬೀಸಿ ಅವರನ್ನು ಆಚೆಗೆ ಕಳಿಸಿದಳು. ಕಪ್ಪು ಎಂಬ ಮಾತು ಬಂದರೆ ಮುಂದೇನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು, ಅದನ್ನು ಆ ಮುದುಕಿಗೆ ಹೇಳುವುದು ಹೇಗೆಂದು ಗೊತ್ತಿರಲಿಲ್ಲ.

...ಕೆಂಪೇನಾ? ಬರೀ ಕೆಂಪಾ? ಕೀವು? ...ಸ್ವಲ್ಪಾನಾ. ಈಗ ಹರಿತಾ ಬೆರಳ ತುದೀನ ಮೆತ್ತಗೆ ಒತ್ಲಿ, ಗಾಯ ಮುಟ್ಟದ ಹಂಗೆ. ಒತ್ತಿದ್ದು ನಿಮಗೆ ಗೊತ್ತಾಗುತ್ತಾ?

...ಗೊತ್ತಾಗ್ಲಿಲ್ವಾ? ಇನ್ನೊಂದ್ಸಲ. ಸ್ವಲ್ಪ ಜೋರಾಗಿ. ...ಅಮ್ಮಾ? ಅದೇನು ಸದ್ದು? ...ಅಮ್ಮಾ, ನೊಪ್ಪಾ? ನೋವಾಯ್ತಾ?

...ನೋಯ್ತಾ? ಸೊಸೆ ಮೇಲೆ ಕೂಗ್ಕೊಳ್ಳೋ ಅಷ್ಟು ನೋಯ್ತಾ? ನೋಯ್ಲಿ ಬಿಡಿ, ಚೆನ್ನಾಗಿ ನೋಯ್ಲಿ. ...ಇಲ್ಲಮ್ಮ, ಹುಚ್ಚು ಹಿಡಿದಿಲ್ಲ ನಂಗೆ. ನೋಯುತ್ತೆ ಅಂದ್ರೆ ಬೆರಳಲ್ಲಿನ್ನೂ ಜೀವ ಇದೆ. ಅದು ನಿಮ್ಮ ಬೆರಳೇ ಇನ್ನೂ. ಕತ್ತರಿಸಿ ಹಾಕೋಕೆ ನಮ್ಮದಾಗಿಲ್ಲ.

ಅವಳ ಕಣ್ಣು ತುಂಬಿತು. ಸೆರಗು ಹುಡುಕಿದಳು, ಯೂನಿಫಾರ್ಮಿಗೆ ಸೆರಗೆಲ್ಲಿ, ಅಂಗೈಯಲ್ಲೇ ಒರೆಸಿಕೊಂಡಳು.

...ಹಾಂ, ವಾಪಸ್ಸು ಬರೋಕೆ ಆಗಲ್ಲ, ಗೊತ್ತು. ಹುಳ ಬಿಟ್ಟು ಬನ್ನಿ ಅನ್ನಲ್ಲ, ವಾಸನೆ ಹೋದ್ಮೇಲೆ ನೀವೇ ಒಳಗೆ ಹೋಗ್ಬೇಕಲ್ಲ. ನಿಮ್ಮ ಕೈ ಇಲ್ದೆ ಯಾರಿಗೂ ಹಣ್ಣು ಹುಳ ಆರಿಸೋಕೆ ಬರಲ್ಲ ಅಂತ ವಾರ್ಡಲ್ಲೂ ಹೇಳ್ತಾನೇ ಇದ್ರಿ, ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ನಾನೇ ಬರ್ತೀನಿ, ಸಾಯಂಕಾಲದ ಬಸ್ಸಿಗೆ.

...ಬೇಡ ಅನ್ಬೇಡಿ. ಬೇಡ ಅನ್ಬೇಡಿ ಅಂದೆನಲ್ಲ. ...ಸ್ಪಿರಿಟ್ ತರಲ್ಲ. ಟಿಂಕ್ಚರೂ ತರಲ್ಲ. ಬಾಟ್ಲಿ ಉಪ್ಪುನೀರು, ಸಲೈನು, ಅಷ್ಟೇ. ವಾಸನೆ ಇಲ್ಲ ಅದಕ್ಕೆ, ನೀವೇ ಮೂಸಿ ನೋಡಿ. ಅದ್ರಲ್ಲೇ ತೊಳೀತೀನಿ, ಬರೀ ಬಟ್ಟೆ ಕಟ್ತೀನಿ. ಜಗುಲೀನೂ ಬೇಡ, ಕೊಟ್ಟಿಗೆ ಹತ್ರ ಮಾಡಣ.

...ಡಾಕ್ಟರಿಗೆ ನಾನು ಹೇಳ್ಕೋತೀನಿ. ಒಪ್ಪಿಸೋದು ನನ್ನ ಕೆಲ್ಸ. ಆದ್ರೆ ಒಂದು ಮಾತು ಕೇಳಿ. ಬೆರಳು ಕಪ್ಪಾದ್ರೆ, ಇಲ್ಲಾ ಚಳಿಜ್ವರ ಬಂದ್ರೆ, ಆವಾಗ ಹುಳಾನೂ ನೋಡಲ್ಲ, ಗೂಡೂ ನೋಡಲ್ಲ, ಎತ್ಕೊಂಡಾದ್ರೂ ಬರ್ತೀನಿ. ಅದಕ್ಕೆ ಒಪ್ಪಿಗೇನಾ? ...ಬಾಯಲ್ಲಿ ಹೇಳಿ. ...ಹಾಂ. ಹಂಗನ್ನಿ.

...ಯಾರ ಮಗಳು ಅಂದ್ರೆ? ಜಂಗಮಕೋಟೆ ವೆಂಕಟರಾಯಪ್ಪನ ಮಗಳು ನಾನು. ...ಮೊದ್ಲೇ ಹೇಳ್ಬೇಕಿತ್ತು, ನಿಜ. ...ಇದಾವೆ, ನಮ್ಮ ಮನೇಲೂ ಇದಾವೆ ಹುಳ. ನಮ್ಮಮ್ಮ ನನ್ನ ಹಿತ್ತಿಲು ದಾಟೋಕೆ ಬಿಡಲ್ಲ. ...ಗೊತ್ತಮ್ಮ, ನಾನು ನಿಮ್ಮ ಹೊಸ್ತಿಲು ತುಳಿಯಲ್ಲ. ಹೊರಗಿಂದ ಹೊರಗೇ ಹೋಗ್ತೀನಿ.

...ಏನು? ...ಏನಂದ್ರಿ, ಇನ್ನೊಂದ್ಸಲ ಹೇಳಿ. ಹಿತ್ತಿಲ ಒಲೆ ಹಚ್ಚಿಸ್ತೀರಾ? ...ಹಂಡೆ ತುಂಬ ನೀರಾ? ಯಾರಿಗೆ?

...ನಂಗಾ?

...ಮೈಗೆ ಸೋಪು ಬೇಡ್ವಾ? ಹೌದಲ್ವಾ, ಅದೂ ವಾಸನೇನೇ. ಸೀಗೆಕಾಯೀಲೇ ಉಜ್ಕೋತೀನಿ. ...ಉಡೋಕೆ ನಿಮ್ಮ ಸೀರೆ ಕೊಡ್ತೀರಾ? ಬೇಡಮ್ಮ, ಅಷ್ಟೊಂದು ಬೇಡ, ನಾನು ಬೇರೆ ಬಟ್ಟೆ ತರ್ತೀನಿ. ...ಅದೂ ಆಸ್ಪತ್ರೆ ರೂಮಿನ ಬಟ್ಟೆ, ಅದಕ್ಕೂ ಅಂಟಿರುತ್ತೆ ಅಂತೀರಾ. ಸರಿ. ...ಹುಳ ನೋಡ್ಕೊಂಡೇ ಹೋಗ್ಬೇಕಾ? ಒಳಗಾ? ...ಅಮ್ಮಾ, ಹತ್ರ ಬನ್ನಿ, ವೈರು ಎಳೀಬೇಡಿ... ಹಲೋ? ಕೇಳಿಸ್ತಿದೆಯಾ? ಉಟ್ಕೋತೀನಿ ಕಣಮ್ಮ, ನಿಮ್ಮ ಸೀರೇನೇ ಉಟ್ಕೊಂಡು ಒಳಗೆ ಬರ್ತೀನಿ.