ಭಾವನ ತಗಡಿನ ಪರೀಕ್ಷೆ

...ಅಯ್ಯೋ, ನಗ್ತೀರಲ್ಲ ಭಾವ! ನಗಿ, ನಗಿ. ಏಳನೇ ಕ್ಲಾಸಿಗೇ ಚೀಲ ಎಸೆದು ಓಡಿದವನಿಗೆ ಈ ಯಂತ್ರ ಏನು ಗೊತ್ತು ಅಂತ ತಾನೇ? ಇದರ ಪಂಪು ಬಿಚ್ಚಿ ಕಟ್ಟೋನು ನಾನು. ಪರೀಕ್ಷೆಗೆ ಬಂದ ತಗಡನ್ನ ಒಳಗೆ ಕೂರಿಸೋನೂ ನಾನೇ. ಈ ಲ್ಯಾಬಿನ ಮೇಡಂ ಗುಂಡಿ ಒತ್ತುತ್ತಾರೆ, ಅಷ್ಟೇ.

ಕೇಳಿ. ಆ ಉದ್ದ ಕೊಳವೆ ಇದೆಯಲ್ಲ, ಅದರೊಳಗೆ ಗಾಳಿ ಅನ್ನೋದೇ ಇಲ್ಲ. ಆ ತುದಿಯಿಂದ ಹೀಲಿಯಂ ಕಣಗಳನ್ನ ರೊಯ್ಯಂತ ಬಿಡ್ತಾರೆ. ತಗಡಿಗೆ ಬಡಿದು ಕೆಲವು ವಾಪಸ್ ಸಿಡೀತವೆ. ಗೋಲಿಯನ್ನ ಗುಂಡುಕಲ್ಲಿಗೆ ಹೊಡೆದ್ರೆ ಅದೇ ಜೋರಲ್ಲಿ ವಾಪಸ್. ತನಗಿಂತ ತುಸುವೇ ದಪ್ಪ ಗೋಲಿಗೆ ಹೊಡೆದ್ರೆ ಸುಸ್ತಾಗಿ ಬರುತ್ತೆ. ನಿಮ್ಮ ತಗಡಿನ ಮೇಲಿನ ಚಿನ್ನ ಭಾರ, ಅಡಿಯ ನಿಕಲ್ ಹಗುರ. ಬಂದ ಜೋರು ನೋಡಿದ್ರೆ ಸಾಕು, ಯಾವುದಕ್ಕೆ ಬಡೀತು, ಎಷ್ಟು ಆಳಕ್ಕೆ ಹೋಗಿ ಬಂತು, ಎಲ್ಲಾ ಗೊತ್ತಾಗುತ್ತೆ. ಕೆರೆಯೋದೂ ಬೇಡ, ಕರಗಿಸೋದೂ ಬೇಡ.

ಗೊತ್ತಾಯ್ತು! ನಿಮ್ಮ ಚಿನ್ನದ ಲೇಪ ಇರಬೇಕಾದ್ದರ ಕಾಲು ಭಾಗವೂ ಇಲ್ಲ. ನಾಳೆ ಈ ವರದಿ ಗಿರಾಕಿ ಕಂಪನಿಗೆ ಹೋದ್ರೆ ನಿಮ್ಮ ಪ್ಲೇಟಿಂಗ್ ಶಾಪಿಗೆ ಬೀಗ!

ಯಾಕೆ, ಮುಖ ಇಳೀತು? ಹನ್ನೊಂದು ವರ್ಷದ ಹಿಂದೆ, ನಿಮ್ಮ ಶಾಪಲ್ಲೇ ದುಡೀತಿದ್ದ ನನ್ನನ್ನ, ಲೇಪದ ತೊಟ್ಟಿಯ ಚಿನ್ನ ಕದ್ದೆ ಅಂತ ಎಲ್ಲರೆದುರು ಕೆನ್ನೆಗೆ ಬಾರಿಸಿ ಹೊರಗೆ ದಬ್ಬಿದಾಗ ನನ್ನ ಮುಖ ನೋಡಿದ್ರಾ? ಆಮೇಲೆ ಲಾರಿ, ಐಸ್ ಫ್ಯಾಕ್ಟರಿ, ಹಡಗು... ಎಲ್ಲೂ ಕಾಲು ನಿಲ್ಲಲಿಲ್ಲ. ಅಕ್ಕ, ಸ್ವಂತ ಅಕ್ಕ, ನನ್ನ ಫೋನೇ ಎತ್ತಲಿಲ್ಲ. ಬೇಡ್ಕೊಳ್ಳಿ ಈಗ. ಕೈ ಮುಗೀರಿ!

ತಗಡು ಬೇಕಾ? ತಗೊಳ್ಳಿ, ನಿಮ್ಮದೇ. ಏನು ಹಾಗೆ ಬೆಳಕಿಗೆ ಹಿಡಿದು ನೋಡ್ತೀರಿ? ಆ ಕಂದು ಚುಕ್ಕೆನಾ? ಕಣಗಳು ಬಡಿದ ಗುರುತು. ಸಾಸಿವೆಯಷ್ಟು ಜಾಗ, ಅಷ್ಟನ್ನೇ ಅಳೆಯೋದು.

ಭಾವ?

ಹೌದು, ಅಂಚಿಗೇ ಬಿತ್ತು. ಏನೀಗ? ಎಲ್ಲಿ ಬಿದ್ರೂ ಚಿನ್ನ ಚಿನ್ನವೇ... ಮಾತಾಡಿ! ತೊಟ್ಟಿಗೆ ಇಳಿಸುವಾಗ ಕೊಕ್ಕೆ ಕಚ್ಚೋ ಜಾಗ ಅಂತೀರಾ? ಅಲ್ಲಿ ಲೇಪ ಕೂರೋದಿಲ್ಲ ಅಂತ ನನಗೆ ಗೊತ್ತಿರಲಿಲ್ವಾ ಅಂತೀರಾ? ಸಾವಿರ ತಗಡು ನೇತುಹಾಕಿದ ಕೈ ಇದು...

ನೀವೇನೂ ಅನ್ನಲೇ ಇಲ್ಲ, ಅಲ್ವಾ? ನಾನೇ ಅಂದೆ.

ಅದು ಕೊಕ್ಕೆ ಜಾಗ ಅಂತ ಮೇಡಂಗೆ ಗೊತ್ತಿಲ್ಲ, ಭಾವ. ನಿಮ್ಮದೇ ಇನ್ನೊಂದು ತಗಡಿನ ನಡುವಿಗೂ ಕಣ ಬಿಡಿಸಿದ್ದೆ. ಲೇಪ ಸರಿಯಾಗೇ ಇತ್ತು. ಆ ಅಳತೆಯ ಹಾಳೆ... ಹರಿದು ಹಾಕ್ದೆ.

ಬೆರಳು ತೆಗೀರಿ ಭಾವ, ಆ ಚುಕ್ಕೆಯಿಂದ.